ಹನ್ನೊಂದು ಹಾಳೆಗಳ ಲಕೋಟೆ: ನ್ಯಾಯಾಧೀಶರಿಗೊಂದು ಬಹಿರಂಗ ಪತ್ರ

ಮಾನ್ಯ ನ್ಯಾಯಾಧೀಶರೇ,

ಕಳೆದ ವಾರ ನನ್ನ ಮೇಜಿಗೆ ಸೀಲು ಹಾಕಿದ ಒಂದು ಲಕೋಟೆ ಬಂತು. ಅರಗು ಒಡೆದು ನೋಡಿದರೆ ಒಳಗೆ ಹನ್ನೊಂದು ಹಾಳೆ. ವಾಟ್ಸ್‌ಆ್ಯಪ್ ಮಾತುಕತೆಯ ಸ್ಕ್ರೀನ್‌ಶಾಟ್‌ಗಳನ್ನು ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು, ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿ ಕಳಿಸಿದ್ದರು. ಜೊತೆಗಿದ್ದ ಪತ್ರದಲ್ಲಿ ಇದ್ದದ್ದು ಒಂದೇ ಸಾಲು: ‘ಸದರಿ ಸಂದೇಶಗಳು ಅಸಲಿಯೇ ಅಥವಾ ನಕಲಿಯೇ ಎಂಬುದನ್ನು ಪರೀಕ್ಷಿಸಿ ವರದಿ ನೀಡುವುದು.’

ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ ಅಂದರೆ ನಗಬೇಡಿ. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೂ ಕೈ ತಾನಾಗಿಯೇ ಹಾಗೆ ಮಾಡುತ್ತದೆ. ಆ ಹಾಳೆಗಳ ಬಗ್ಗೆ ನಾನು ಪ್ರಮಾಣ ಮಾಡಿ ಹೇಳಬಹುದಾದದ್ದು ಇಷ್ಟೇ: ಅವು ಲೇಸರ್ ಪ್ರಿಂಟರ್‌ನಿಂದ ಬಂದಿವೆ. ಸಂದೇಶಗಳ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಫೋನು, ಕಂಪ್ಯೂಟರುಗಳ ಹೊಟ್ಟೆಯೊಳಗೆ ಸಾಕ್ಷ್ಯ ಹುಡುಕುವುದು ನನ್ನ ಕಸುಬು. ಕಟಕಟೆಯಲ್ಲಿ ನಿಂತು ಪಾಟೀಸವಾಲು ಎದುರಿಸಿದ್ದೇನೆ, ಕೆಲವೊಮ್ಮೆ ಸೋತಿದ್ದೇನೆ. ಒಂದು ಪ್ರಕರಣದ ಬಗ್ಗೆ ದೂರು ಹೇಳುವುದು ಈ ಪತ್ರದ ಉದ್ದೇಶವಲ್ಲ. ಆ ಹನ್ನೊಂದು ಹಾಳೆಗಳಂಥವು ನಿಮ್ಮ ಮೇಜಿಗೂ ದಿನಾ ಬರುತ್ತವೆ, ಅವುಗಳ ಮೇಲೆ ಜಾಮೀನು, ಶಿಕ್ಷೆ, ಬಿಡುಗಡೆ ನಿರ್ಧಾರವಾಗುತ್ತದೆ. ಅದಕ್ಕೇ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ನಿಮ್ಮ ಎದುರು ಕೂತು ಮಾಡಿ ತೋರಿಸಬಹುದಾದ ಒಂದು ಕೆಲಸವಿದೆ. ಅದಕ್ಕೆ ಯಾವ ವಿಶೇಷ ಸಾಫ್ಟ್‌ವೇರೂ ಬೇಡ, ಎರಡು ಫೋನು ಸಾಕು. ಎರಡನೆಯ ಫೋನಿನ ನಂಬರನ್ನು ಮೊದಲನೆಯದರಲ್ಲಿ ನಿಮ್ಮ ಹೆಸರು ಕೊಟ್ಟು ಸೇವ್ ಮಾಡುತ್ತೇನೆ. ಎರಡನೆಯದರ ಡಿಪಿಗೆ ನಿಮ್ಮ ಫೋಟೊ ಹಾಕುತ್ತೇನೆ. ಆಮೇಲೆ ಈ ಕೈಯಲ್ಲಿ ಒಂದು ಸಾಲು, ಆ ಕೈಯಲ್ಲಿ ಒಂದು ಸಾಲು ನಾನೇ ಟೈಪ್ ಮಾಡುತ್ತಾ ಹೋಗುತ್ತೇನೆ. ಐದು ನಿಮಿಷದಲ್ಲಿ ನೀವು ನನಗೆ ಬೆದರಿಕೆ ಹಾಕಿದ ಸಂಭಾಷಣೆ ತಯಾರು, ನೀಲಿ ಟಿಕ್ ಸಮೇತ. ಪರದೆಯ ಮೇಲ್ಗಡೆ ಕಾಣುವ ಹೆಸರನ್ನು ಕಂಪನಿ ಪರಿಶೀಲಿಸಿ ಕೊಟ್ಟಿರುವುದಿಲ್ಲ, ಅದು ಫೋನಿನ ಮಾಲೀಕ ತನ್ನ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಬರೆದುಕೊಂಡದ್ದು. ಈ ಸ್ಕ್ರೀನ್‌ಶಾಟಿನಲ್ಲಿ ಒಂದು ಪಿಕ್ಸೆಲ್ ಕೂಡ ತಿದ್ದಿರುವುದಿಲ್ಲ. ಯಾವ ಪ್ರಯೋಗಾಲಯಕ್ಕೆ ಕಳಿಸಿದರೂ ‘ತಿದ್ದುಪಡಿಯ ಕುರುಹು ಇಲ್ಲ’ ಎಂದೇ ವರದಿ ಬರುತ್ತದೆ. ವರದಿ ನಿಜ, ಸಂಭಾಷಣೆ ಸುಳ್ಳು.

ಕಂಪ್ಯೂಟರಿನಲ್ಲಿ ಇನ್ನೂ ಸುಲಭ. ಬ್ರೌಸರಿನಲ್ಲಿ ಯಾರದೋ ಪೋಸ್ಟ್ ತೆರೆದು, ಪುಟದ ಕೋಡನ್ನು ತೋರಿಸುವ ಕಿಟಕಿಯಲ್ಲಿ ಅಕ್ಷರಗಳನ್ನು ಬದಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಪುಟವನ್ನು ರಿಫ್ರೆಶ್ ಮಾಡಿದರೆ ಹಳೆಯದು ಹಳೆಯದಾಗಿಯೇ ಉಳಿಯುತ್ತದೆ, ಸ್ಕ್ರೀನ್‌ಶಾಟ್ ಮಾತ್ರ ಬೇರೆ ಕಥೆ ಹೇಳುತ್ತದೆ. ಏನನ್ನೂ ಸೇರಿಸದೆ ಬರೀ ಕಳೆದರೂ ಆಯಿತು. ‘ಈ ಗ್ರೂಪ್ ಶುರು ಮಾಡಿದ್ದು ನೀನೇನಾ?’ ಎಂಬ ಪ್ರಶ್ನೆಯನ್ನು ತನ್ನ ಫೋನಿನಿಂದ ಅಳಿಸಿಹಾಕಿದವನ ಪರದೆಯಲ್ಲಿ, ‘ಹೌದು, ನಾನೇ ಮಾಡಿದ್ದು’ ಎಂಬ ಉತ್ತರ ಅದಕ್ಕೂ ಮೇಲಿದ್ದ ಇನ್ಯಾವುದೋ ಆರೋಪದ ಕೆಳಗೆ ಬಂದು ಕೂರುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದಾಗ ಅವರ ಕೈಯಲ್ಲಿ ಫೋನಿರಲಿಲ್ಲ.

ಫೋನೇ ನನ್ನ ಕೈಗೆ ಬಂದರೆ ಕಥೆ ಬೇರೆ. ಆ ಆ್ಯಪ್ ತನ್ನ ಸಂದೇಶಗಳನ್ನು ಒಂದು ಡೇಟಾಬೇಸ್ ಫೈಲಿನಲ್ಲಿ ಸಾಲುಸಾಲಾಗಿ ಇಟ್ಟಿರುತ್ತದೆ. ಪರದೆಯಲ್ಲಿ ಹೆಸರಿದ್ದ ಕಡೆ ಅಲ್ಲಿ ನಂಬರ್ ಇರುತ್ತದೆ. ಸಮಯ ಮಿಲಿಸೆಕೆಂಡಿನ ತನಕ ಇರುತ್ತದೆ. ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ. 4117 ಆದ ಮೇಲೆ 4119 ಬಂದಿದ್ದರೆ ನಡುವೆ ಏನೋ ಇತ್ತು ಎಂದು ಗೊತ್ತಾಗುತ್ತದೆ. ಅದೃಷ್ಟವಿದ್ದರೆ ಅಳಿಸಿದ ಸಾಲಿನ ಚೂರುಗಳು ಅದೇ ಫೈಲಿನ ಖಾಲಿ ಜಾಗದಲ್ಲಿ, ಅದರ ಮೇಲೆ ಬೇರೇನೂ ಬರೆದಾಗಿಲ್ಲದಿದ್ದರೆ, ಇನ್ನೂ ಉಳಿದಿರುತ್ತವೆ. ಪ್ರಿಂಟ್ ತೆಗೆದ ಹಾಳೆಯಲ್ಲಿ ಇವು ಯಾವುವೂ ಇಲ್ಲ.

ಇದನ್ನು ನ್ಯಾಯಾಲಯಗಳು ಅರ್ಥ ಮಾಡಿಕೊಂಡಿಲ್ಲ ಅಂತಲ್ಲ. 2011ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಮುಂದೆ ಗ್ರಿಫಿನ್ ಎಂಬ ಆರೋಪಿಯ ಮೇಲ್ಮನವಿ ಬಂತು. ಸಾಕ್ಷಿಯೊಬ್ಬನಿಗೆ ಬೆದರಿಕೆ ಹಾಕಲಾಗಿದೆ ಎಂದು ತೋರಿಸಲು ಆರೋಪಿಯ ಗೆಳತಿಯದೆನ್ನಲಾದ, ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದ ಪುಟದ ಪ್ರಿಂಟ್ ಅನ್ನು ಹಾಜರುಪಡಿಸಿದ್ದರು. ಪುಟ ಆಕೆಯದೇ ಎನ್ನಲು ಅದರಲ್ಲಿದ್ದ ಫೋಟೊ, ಹುಟ್ಟಿದ ದಿನಾಂಕ ಮುಂತಾದ ವಿವರಗಳೇ ಆಧಾರ. ಅವನ್ನು ಯಾರು ಬೇಕಾದರೂ ಹಾಕಬಹುದಲ್ಲ ಎಂದು ನ್ಯಾಯಾಲಯ ಶಿಕ್ಷೆಯನ್ನು ರದ್ದುಮಾಡಿತು. ನನಗೆ ಹಿಡಿಸಿದ್ದು ಅದರ ಮುಂದಿನ ಮಾತು. ಪುಟ ಯಾರದೆನ್ನಲಾಗಿದೆಯೋ ಅವರನ್ನೇ ಕೇಳಬಹುದಿತ್ತು, ಅವರ ಕಂಪ್ಯೂಟರನ್ನು ಪರೀಕ್ಷಿಸಬಹುದಿತ್ತು, ಜಾಲತಾಣದ ಕಂಪನಿಯಿಂದಲೇ ಮಾಹಿತಿ ತರಿಸಬಹುದಿತ್ತು ಎಂದು ದಾರಿಯನ್ನೂ ತೋರಿಸಿತು. ಮೈಸ್ಪೇಸನ್ನು ಇವತ್ತು ಕೇಳುವವರಿಲ್ಲ. ಆ ಮೂರು ದಾರಿಗಳು ಮಾತ್ರ ಹಾಗೇ ಇವೆ, ಆದರೆ ಮೂರೂ ಈಗ ಕಿರಿದಾಗಿವೆ.

ನಮ್ಮ ವಿದ್ಯೆಗೂ ಒಂದು ಸುಖದ ಕಾಲವಿತ್ತು. ಅಮೆರಿಕದ ಕಾನ್ಸಸ್‌ನಲ್ಲಿ ಹತ್ತು ಜನರನ್ನು ಕೊಂದು ದಶಕಗಳ ಕಾಲ ಸಿಗದೆ ಓಡಾಡಿಕೊಂಡಿದ್ದ ಡೆನಿಸ್ ರೇಡರ್ 2005ರಲ್ಲಿ ಟಿವಿ ಕೇಂದ್ರವೊಂದಕ್ಕೆ ಒಂದು ಫ್ಲಾಪಿ ಡಿಸ್ಕ್ ಕಳಿಸಿದ. ಅದರಲ್ಲಿ ಅಳಿಸಿದ್ದ ವರ್ಡ್ ಫೈಲಿನ ಮೆಟಾಡೇಟಾದಲ್ಲಿ, ಅಂದರೆ ಫೈಲು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ವಿವರಗಳಲ್ಲಿ, ಒಂದು ಚರ್ಚಿನ ಹೆಸರು, ‘ಡೆನಿಸ್’ ಎಂಬ ಹೆಸರು ಎರಡೂ ಇದ್ದವು. ಕೆಲವೇ ದಿನಗಳಲ್ಲಿ ಅವನನ್ನು ಹಿಡಿದರು. ಸಾಕ್ಷ್ಯವೆಲ್ಲ ಒಂದು ತಟ್ಟೆಯೊಳಗೆ, ತಟ್ಟೆ ನಮ್ಮ ಕೈಯೊಳಗೆ. ಹಾರ್ಡ್‌ಡಿಸ್ಕ್ ಬಂದರೆ ಬರೆಯಲಾಗದಂತೆ ತಡೆಯುವ ಉಪಕರಣಕ್ಕೆ ಜೋಡಿಸಿ, ಒಂದು ಬಿಟ್ ಕೂಡ ಬಿಡದೆ ಹಾಗೇ ಪ್ರತಿ ತೆಗೆದು, ಎರಡರ ಹ್ಯಾಶ್ ಒಂದೇ ಎಂದು ತೋರಿಸಿದರೆ ಮುಗಿಯಿತು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. ಈಗ ನಾವು ಬಳಸುವ ಎಸ್‌ಎಚ್‌ಎ-256 ಪದ್ಧತಿಯಲ್ಲಿ ಅದು 64 ಅಕ್ಷರಗಳ ಒಂದು ಸಾಲು. ಒಳಗೆ ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ.

ಈಗ ಬರುವುದು ಫೋನು. ಅದನ್ನು ಮುಟ್ಟದೆ ನೋಡುವ ಹಾಗೇ ಇಲ್ಲ. ಆನ್ ಆಗಿರಬೇಕು, ಅನ್‌ಲಾಕ್ ಆಗಬೇಕು, ಒಳಗಿನದನ್ನು ಹೊರತೆಗೆಯಲು ಅದರ ಮೇಲೆಯೇ ಏನನ್ನಾದರೂ ಓಡಿಸಬೇಕು. ಅಂದರೆ ಪರೀಕ್ಷೆಯೇ ಜಪ್ತಿಯಾದ ವಸ್ತುವನ್ನು, ಮುದ್ದೆಮಾಲನ್ನು, ಅಷ್ಟಿಷ್ಟು ಬದಲಿಸುತ್ತದೆ. ಇದನ್ನು ಪಾಟೀಸವಾಲಿನಲ್ಲಿ ಒಪ್ಪಿಕೊಂಡಾಗಲೆಲ್ಲ ವಕೀಲರ ಮುಖ ಅರಳುತ್ತದೆ. ಏನು ಬದಲಾಯಿತು, ಏಕೆ, ಯಾವಾಗ ಎಂದು ಬರೆದಿಟ್ಟಿದ್ದೇನೆಯೇ ಎಂಬುದು ಕೇಳಬೇಕಾದ ಪ್ರಶ್ನೆ. ಅದನ್ನು ಕೇಳಿದವರು ಕಡಿಮೆ.

ಅದಕ್ಕಿಂತ ದೊಡ್ಡ ತಲೆನೋವು ಗಡಿಯಾರದ್ದು. ಆನ್ ಮಾಡಿದ ಮೇಲೆ ಒಮ್ಮೆಯಾದರೂ ಪಾಸ್‌ವರ್ಡ್ ಹಾಕಿ ತೆರೆದ ಫೋನಿನಲ್ಲಿ ಎನ್‌ಕ್ರಿಪ್ಶನ್ ಬೀಗದ ಕೀಲಿಗಳಲ್ಲಿ ಬಹುಪಾಲು ಮೆಮೊರಿಯಲ್ಲಿ ಇರುತ್ತವೆ. ಪರದೆ ಲಾಕ್ ಆಗಿದ್ದರೂ ನಮಗೊಂದು ಅವಕಾಶವಿರುತ್ತದೆ. ಆಫ್ ಆಗಿ ಆನ್ ಆದರೆ ಆ ಕೀಲಿಗಳು ಹೋದವು. ‘ಸುರಕ್ಷಿತವಾಗಿರಲಿ’ ಎಂದು ಜಪ್ತಿ ಮಾಡಿದವರೇ ಸ್ವಿಚ್ ಆಫ್ ಮಾಡಿದ ಫೋನುಗಳು ನನ್ನ ಬಳಿಗೆ ಎಷ್ಟು ಬಂದಿವೆಯೋ ಲೆಕ್ಕವಿಟ್ಟಿಲ್ಲ. ಆಫ್ ಮಾಡದಿದ್ದರೂ ಬ್ಯಾಟರಿ ಮುಗಿಯುತ್ತದೆ. ಸಿಗ್ನಲ್ ತಡೆಯುವ ಚೀಲದಲ್ಲಿ ಹಾಕಿದರಂತೂ ಫೋನು ಟವರ್ ಹುಡುಕಿ ಹುಡುಕಿ ಇನ್ನೂ ಬೇಗ ಸಾಯುತ್ತದೆ. ಸಾಲದ್ದಕ್ಕೆ 2024ರಿಂದ ಐಫೋನುಗಳು ಮೂರು ದಿನ ಯಾರೂ ಅನ್‌ಲಾಕ್ ಮಾಡದಿದ್ದರೆ ತಾವೇ ರೀಬೂಟ್ ಆಗುತ್ತವೆ. ಆಂಡ್ರಾಯ್ಡ್‌ಗೂ 2025ರಲ್ಲಿ ಅಂಥದ್ದೇ ವ್ಯವಸ್ಥೆ ಬಂತು. ಕಳ್ಳನ ಕೈಗೆ ಸಿಕ್ಕ ಫೋನನ್ನು ಕಾಪಾಡಲು ಮಾಡಿದ ಒಳ್ಳೆಯ ಏರ್ಪಾಡು ಅದು, ನನ್ನ ಫೋನಿನಲ್ಲೂ ಇದೆ, ಇರಲಿ. ಆದರೆ ಜಪ್ತಿಯಾದ ಫೋನು ಕಡತದ ಜೊತೆ ಮೇಜಿನಿಂದ ಮೇಜಿಗೆ ದಾಟಿ ನನ್ನಲ್ಲಿಗೆ ಮೂರು ದಿನದಲ್ಲಿ ಬಂದದ್ದನ್ನು ನಾನಂತೂ ಕಂಡಿಲ್ಲ. ಅಷ್ಟರಲ್ಲಿ ಇನ್ನೊಂದು ನಷ್ಟವೂ ಆಗಿರುತ್ತದೆ: ಕಣ್ಮರೆಯಾಗುವ ಸಂದೇಶಗಳಿಗೆ 24 ಗಂಟೆ, 7 ದಿನ, 90 ದಿನ ಎಂದು ಗಡುವು ಇಡಬಹುದು. ಲಕೋಟೆಗೆ ಹಾಕಿದ ಅರಗು ಆ ಗಡುವನ್ನು ನಿಲ್ಲಿಸುವುದಿಲ್ಲ.

ಸರಿ, ಫೋನು ಕೈಕೊಟ್ಟಿತು, ಕಂಪನಿಯನ್ನು ಕೇಳೋಣ ಎನ್ನುತ್ತೀರಿ. ಇಲ್ಲಿ ಆಗುವ ಅನ್ಯಾಯ ಹೆಚ್ಚಾಗಿ ತಂತ್ರಜ್ಞಾನದ್ದಲ್ಲ, ತಡದ್ದು. ಅಮೆರಿಕದ 1986ರ ಕಾನೂನಿನ ಪ್ರಕಾರ ಅಲ್ಲಿನ ಸರ್ಕಾರದ ಕಡೆಯಿಂದ ಒಂದು ಕೋರಿಕೆ ಹೋದರೆ ಕಂಪನಿ ಆ ಖಾತೆಯ ದಾಖಲೆಗಳನ್ನು 90 ದಿನ ಅಳಿಸದೆ ಕಾದಿಡಬೇಕು, ಇನ್ನೊಂದು ಕೋರಿಕೆಯಿಂದ ಮತ್ತೆ 90 ದಿನ. ಸೈಬರ್ ಅಪರಾಧದ ಬಗೆಗಿನ 2001ರ ಬುಡಾಪೆಸ್ಟ್ ಒಪ್ಪಂದದಲ್ಲೂ ಹೀಗೆ ತುರ್ತಾಗಿ ಕಾದಿರಿಸುವ ಏರ್ಪಾಡಿದೆ. ಅದಕ್ಕೆ ಸಹಿ ಹಾಕಿದ ದೇಶಗಳಲ್ಲಿ ದಿನದ 24 ಗಂಟೆಯೂ ಕೋರಿಕೆ ಸ್ವೀಕರಿಸುವ ಸಂಪರ್ಕ ಕೇಂದ್ರಗಳಿರಬೇಕು. ದೊಡ್ಡ ಕಂಪನಿಗಳು ಬೇರೆ ದೇಶದ ಪೊಲೀಸರಿಂದಲೂ ಇಂಥ ಕೋರಿಕೆ ಸ್ವೀಕರಿಸುತ್ತವೆ. ಕಾದಿಡಿ ಎನ್ನುವುದು ಕೊಡಿ ಎನ್ನುವುದಕ್ಕಿಂತ ಎಷ್ಟೋ ಸುಲಭ. ಕೊಡಿಸಿಕೊಳ್ಳುವುದು ದೇಶದಿಂದ ದೇಶಕ್ಕೆ ಹೋಗುವ ಅಧಿಕೃತ ಪತ್ರಗಳ ದಾರಿ. ಅಂಥ ಕೋರಿಕೆಯೊಂದಕ್ಕೆ ಸರಾಸರಿ ಹತ್ತು ತಿಂಗಳು ಹಿಡಿಯುತ್ತದೆ ಎಂದು ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಪರಿಶೀಲನಾ ಸಮಿತಿಯೇ 2013ರಲ್ಲಿ ಬರೆದಿತ್ತು. ಹತ್ತು ತಿಂಗಳ ಕೊನೆಗೆ ಬಂದ ಉತ್ತರದಲ್ಲಿ ‘ಈ ಅವಧಿಯ ದಾಖಲೆಗಳು ಲಭ್ಯವಿಲ್ಲ’ ಎಂದಿದ್ದರೆ ಅದಕ್ಕೆ ಯಾರು ಹೊಣೆ? ಮೊದಲ ದಿನವೇ ಕಾದಿಡಿ ಎಂದು ಒಂದು ಪತ್ರ ಹೋಗಿದ್ದರೆ ಸಾಕಿತ್ತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸವನ್ನು ನಾವು ಮಾಡುತ್ತಿರುವುದು ಒಂದೆರಡು ಪ್ರಕರಣಗಳಲ್ಲಲ್ಲ.

ಕೇಳುವುದನ್ನೂ ಸರಿಯಾಗಿ ಕೇಳಬೇಕು. ವಾಟ್ಸ್‌ಆ್ಯಪ್ 2016ರಿಂದ ಎಲ್ಲ ಸಂದೇಶಗಳನ್ನೂ ಎರಡೂ ತುದಿಯಲ್ಲಿ ಮಾತ್ರ ತೆರೆಯುವಂತೆ ಬೀಗ ಹಾಕಿ ಕಳಿಸುತ್ತದೆ. ‘ಸಂದೇಶಗಳ ಪೂರ್ಣ ಪಠ್ಯ ಒದಗಿಸುವುದು’ ಎಂದು ಕಂಪನಿಗೆ ಆದೇಶ ಹೊರಡಿಸಿದರೆ ಇಲ್ಲದ್ದನ್ನು ಕೇಳಿದ ಹಾಗೆ. ಖಾತೆ ಯಾವಾಗ ತೆರೆದದ್ದು, ಯಾವ ಐಪಿ ವಿಳಾಸದಿಂದ (ಇಂಟರ್ನೆಟ್ಟಿನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆಯಿಂದ) ಬಂದರು, ಯಾವಾಗ ಬಂದರು ಎಂಬಂಥವು ಅವರಲ್ಲಿರುತ್ತವೆ, ಅವನ್ನು ಕೇಳಬಹುದು.

ಐಪಿ ವಿಳಾಸ ಸಿಕ್ಕಿತು ಅಂದ ತಕ್ಷಣ ಮನುಷ್ಯ ಸಿಕ್ಕ ಅಂದುಕೊಳ್ಳುವವರಿಗೆ ಒಂದು ಮಾತು. ಹಳೆಯ ಪದ್ಧತಿಯ ಐಪಿ ವಿಳಾಸಗಳು ಒಟ್ಟು ಇರುವುದೇ ಸುಮಾರು 430 ಕೋಟಿ. ಸಾಲದೆ ಬಂದದ್ದರಿಂದ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಒಂದೇ ಹೊತ್ತಿನಲ್ಲಿ ನೂರಾರು ಗ್ರಾಹಕರಿಗೆ ಹಂಚುತ್ತವೆ. ಒಬ್ಬರಿಂದ ಒಬ್ಬರನ್ನು ಬೇರೆ ಮಾಡಿ ಹೇಳುವುದು ಪೋರ್ಟ್ ಸಂಖ್ಯೆ. ಅದನ್ನೂ ಬರೆದಿಡಿ, ನಿಖರ ಸಮಯದ ಜೊತೆ ಬರೆದಿಡಿ ಎಂದು ಇಂಟರ್ನೆಟ್ಟಿನ ಮಾನದಂಡ ಬರೆಯುವವರು 2011ರಲ್ಲೇ ಆರ್‌ಎಫ್‌ಸಿ 6302 ಎಂಬ ದಾಖಲೆಯಲ್ಲಿ ಹೇಳಿದ್ದರು. ನನ್ನ ಕೈಗೆ ಬರುವ ಪಟ್ಟಿಗಳಲ್ಲಿ ಆ ಕಾಲಂ ಎಷ್ಟೋ ಸಲ ಇರುವುದೇ ಇಲ್ಲ. ಆಗ ಆ ವಿಳಾಸ ಒಂದು ಮನೆಯ ವಿಳಾಸವಲ್ಲ, ಒಂದು ಬೀದಿಯ ವಿಳಾಸ. ಸಮಯದ ವಿಷಯವೂ ಹಾಗೇ. ಸರ್ವರ್ ದಾಖಲೆಗಳು ಸಾಮಾನ್ಯವಾಗಿ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿರುತ್ತವೆ, ಫೋನಿನ ಪರದೆ ಸ್ಥಳೀಯ ಸಮಯ ತೋರಿಸುತ್ತದೆ. ಈ ವ್ಯತ್ಯಾಸ ಗಮನಿಸದೆ ಮಧ್ಯರಾತ್ರಿಯ ಒಂದು ಪೋಸ್ಟಿಗೆ ಹಿಂದಿನ ದಿನದ ತಾರೀಖು ಬರೆದ ಆರೋಪಪಟ್ಟಿಯನ್ನು ನಾನೇ ಓದಿದ್ದೇನೆ.

ಹೀಗೆ ಹೇಳುತ್ತಾ ಹೋದರೆ ಏನೂ ಸಿಗುವುದಿಲ್ಲ ಎಂದು ಅನಿಸಬಾರದು. ಸಾಮಾಜಿಕ ಜಾಲತಾಣ ಕೆಲವೊಮ್ಮೆ ಕೇಳದೆಯೇ ಸಾಕ್ಷಿ ನುಡಿಯುತ್ತದೆ. ಈಗ ಎಕ್ಸ್ ಎನಿಸಿಕೊಂಡಿರುವ ಟ್ವಿಟರ್ 2010ರ ನವೆಂಬರ್‌ನಿಂದ ಪ್ರತಿ ಟ್ವೀಟಿಗೂ ಕೊಡುತ್ತಾ ಬಂದ ಉದ್ದನೆಯ ಸಂಖ್ಯೆ ಲಿಂಕಿನ ಕೊನೆಯಲ್ಲಿ ಕಾಣುತ್ತದೆ. ಅದನ್ನು 41,94,304ರಿಂದ ಭಾಗಿಸಿ, ಶೇಷ ಬಿಟ್ಟು, ಬಂದದ್ದಕ್ಕೆ 1288834974657 ಕೂಡಿಸಿ. ಸಿಗುವುದು 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳು, ಅಂದರೆ ಆ ಟ್ವೀಟ್ ಹುಟ್ಟಿದ ಕ್ಷಣ. ಟ್ವೀಟ್ ಅಳಿಸಿಹೋಗಿದ್ದರೂ ಲಿಂಕ್ ಯಾರಾದರೂ ಬರೆದಿಟ್ಟುಕೊಂಡಿದ್ದರೆ ಹುಟ್ಟಿದ ಹೊತ್ತು ಲೆಕ್ಕಕ್ಕೆ ಸಿಗುತ್ತದೆ. ಸ್ಕ್ರೀನ್‌ಶಾಟಿನಲ್ಲಿ ಲಿಂಕ್ ಕತ್ತರಿಸಿ ಹೋಗಿರುತ್ತದೆ ಎನ್ನುವುದು ಬೇರೆ ಮಾತು. ಫೋಟೊಗಳದ್ದು ಇದಕ್ಕೆ ತದ್ವಿರುದ್ಧ. ಕ್ಯಾಮೆರಾ ಬರೆದಿಟ್ಟ ಸಮಯ, ಸ್ಥಳದ ವಿವರಗಳನ್ನು ಹೆಚ್ಚಿನ ಜಾಲತಾಣಗಳು ಅಪ್‌ಲೋಡ್ ಆಗುವಾಗಲೇ ತೆಗೆದುಹಾಕುತ್ತವೆ, ಚಿತ್ರವನ್ನೂ ಕುಗ್ಗಿಸುತ್ತವೆ. ಅಲ್ಲಿಂದ ಇಳಿಸಿಕೊಂಡ ಫೋಟೊದ ಹ್ಯಾಶ್ ಮೂಲದ ಹ್ಯಾಶ್‌ಗೆ ಹೊಂದುವುದಿಲ್ಲ. ಹೊಂದಲಿಲ್ಲ ಅಂದ ಮಾತ್ರಕ್ಕೆ ನಕಲಿ ಎಂದು ವಾದಿಸುವವರನ್ನು ದಯವಿಟ್ಟು ಅಲ್ಲೇ ತಡೆಯಿರಿ.

ನನ್ನ ಕಡೆಯವರ ತಪ್ಪನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಪತ್ರ ಏಕಪಕ್ಷೀಯವಾಗುತ್ತದೆ. 2011ರಲ್ಲಿ ಫ್ಲಾರಿಡಾದ ಬಹುಚರ್ಚಿತ ಕೊಲೆ ವಿಚಾರಣೆಯೊಂದರಲ್ಲಿ, ಆರೋಪಿಯ ಮನೆಯ ಕಂಪ್ಯೂಟರಿನಿಂದ ಕ್ಲೋರೋಫಾರ್ಮ್ ಕುರಿತ ಒಂದು ಪುಟಕ್ಕೆ 84 ಸಲ ಭೇಟಿ ಕೊಡಲಾಗಿದೆ ಎಂದು ಪ್ರಾಸಿಕ್ಯೂಶನ್ ಹೇಳಿತು. ಆ ಅಂಕಿ ಕೊಟ್ಟ ಸಾಫ್ಟ್‌ವೇರನ್ನು ಬರೆದವರೇ ಮತ್ತೆ ಪರಿಶೀಲಿಸಿದಾಗ ಆ ಪುಟಕ್ಕೆ ಹೋಗಿದ್ದದ್ದು ಒಂದೇ ಸಲ ಎಂದು ಗೊತ್ತಾಯಿತು. 84 ಸಲ ತೆರೆದದ್ದು ಮೈಸ್ಪೇಸ್ ಆಗಿತ್ತು. ಪ್ರಯೋಗಾಲಯದ ಸಾಫ್ಟ್‌ವೇರ್ ಬಣ್ಣಬಣ್ಣದ ಕೋಷ್ಟಕ ಹಾಕಿ ಕೊಟ್ಟದ್ದೆಲ್ಲ ವೇದವಾಕ್ಯವಲ್ಲ. ಆ್ಯಪ್‌ಗಳು ಪದೇಪದೇ ಅಪ್‌ಡೇಟ್ ಆಗುತ್ತವೆ, ಒಳಗಿನ ಫೈಲುಗಳ ರಚನೆಯೂ ಬದಲಾಗುತ್ತದೆ. ನಮ್ಮ ಉಪಕರಣ ಕಳೆದ ವರ್ಷದ ರಚನೆಯನ್ನೇ ನಂಬಿಕೊಂಡು ಓದಿದರೆ ತಪ್ಪನ್ನೇ ಅಚ್ಚುಕಟ್ಟಾಗಿ ಮುದ್ರಿಸುತ್ತದೆ. ನನ್ನಂಥವನು ಎದುರು ನಿಂತಾಗ ‘ಇದನ್ನು ಇನ್ನೊಂದು ಉಪಕರಣದಿಂದ ತಾಳೆ ನೋಡಿದ್ದೀರಾ?’ ಎಂದು ಕೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ.

ಜಾಲತಾಣದ ಸಾಕ್ಷ್ಯವನ್ನು ಗಂಭೀರವಾಗಿ ತೆಗೆದುಕೊಂಡರೆ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೂ ಉದಾಹರಣೆಯಿದೆ. 2017ರ ಆಗಸ್ಟಿನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಲಿಬಿಯಾದ ಸೇನಾ ಕಮಾಂಡರ್ ಮಹಮೂದ್ ಅಲ್-ವೆರ್ಫಲ್ಲಿಯ ಬಂಧನಕ್ಕೆ ವಾರಂಟ್ ಹೊರಡಿಸಿತು. ಅದಕ್ಕೆ ಮುಖ್ಯ ಆಧಾರ ಕೈದಿಗಳನ್ನು ಕೊಲ್ಲುವ ದೃಶ್ಯಗಳಿದ್ದ, ಜಾಲತಾಣಗಳಲ್ಲಿ ಹರಿದಾಡಿದ ವಿಡಿಯೊಗಳು. ಅದೇ ವರ್ಷ ಯೂಟ್ಯೂಬ್ ಉಗ್ರವಾದಿ ವಿಡಿಯೊಗಳನ್ನು ಯಂತ್ರದಿಂದಲೇ ಗುರುತಿಸಿ ತೆಗೆಯಲು ಹೊರಟಾಗ, ಸಿರಿಯಾದ ಯುದ್ಧವನ್ನು ದಾಖಲಿಸಿದ್ದ ಸಾವಿರಾರು ವಿಡಿಯೊಗಳೂ ಅದರ ಜೊತೆಗೇ ಹೋದವು. ಒಂದು ಕಡೆ ಸಾಕ್ಷ್ಯ, ಇನ್ನೊಂದು ಕಡೆ ಗುಡಿಸಬೇಕಾದ ಕಸ, ಎರಡೂ ಒಂದೇ ಫೈಲು. ಇಂಥ ಸಾಮಗ್ರಿಯನ್ನು ಹೇಗೆ ಹುಡುಕಬೇಕು, ಹೇಗೆ ಕಾದಿಡಬೇಕು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ಕೇಂದ್ರ ಸೇರಿ 2020ರಲ್ಲಿ ಬರ್ಕ್ಲಿ ಪ್ರೊಟೊಕಾಲ್ ಎಂಬ ಕೈಪಿಡಿ ತಂದವು. ಅದರ ಒಂದು ಪ್ರತಿ ತನಿಖಾಧಿಕಾರಿಯ ಮೇಜಿನ ಮೇಲಿದ್ದರೆ ನನ್ನ ಅರ್ಧ ಕೆಲಸ ಹಗುರಾದೀತು.

ಕೃತಕ ಬುದ್ಧಿಮತ್ತೆಯ ನಕಲಿ ವಿಡಿಯೊ, ನಕಲಿ ಧ್ವನಿಗಳ ಬಗ್ಗೆ ನಿಮಗೆ ಎಲ್ಲರೂ ಹೇಳಿರುತ್ತಾರೆ, ನಾನು ಉದ್ದ ಮಾಡುವುದಿಲ್ಲ. ನನ್ನ ಭಯ ಅದರ ಇನ್ನೊಂದು ಮಗ್ಗುಲಿನದು. ಅಸಲಿ ಧ್ವನಿಮುದ್ರಿಕೆ ಎದುರಿಗಿಟ್ಟಾಗಲೂ ‘ಅದು ಎಐ ಮಾಡಿದ್ದು’ ಎಂದು ಭುಜ ಹಾರಿಸುವವರು ಹೆಚ್ಚುತ್ತಿದ್ದಾರೆ. ಮೂಲ ಫೈಲು, ಮೂಲ ಫೋನು ಇಲ್ಲದೆ ಬರೀ ಫಾರ್ವರ್ಡ್ ಆಗಿ ಬಂದ ಪ್ರತಿಯನ್ನು ಹಿಡಿದುಕೊಂಡು ಅಂಥವರಿಗೆ ಉತ್ತರ ಕೊಡಲು ನನಗೆ ಆಗುವುದಿಲ್ಲ.

ಹಾಗಾದರೆ ಎಲ್ಲರ ಫೋನನ್ನೂ ಪೂರ್ತಿ ಕಿತ್ತುಕೊಂಡು ಒಳಗಿದ್ದದ್ದೆಲ್ಲ ಬಗೆದು ನೋಡಿ ಎನ್ನುತ್ತಿದ್ದೇನೆಯೇ? ಖಂಡಿತ ಇಲ್ಲ, ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಒಂದು ಫೋನಿನ ಪೂರ್ತಿ ಪ್ರತಿ ತೆಗೆದಾಗ ನಾನು ಪ್ರಕರಣಕ್ಕೆ ಸಂಬಂಧವೇ ಇಲ್ಲದ ನೂರಾರು ಜನರ ಮಾತು, ಮಕ್ಕಳ ಫೋಟೊ, ವೈದ್ಯರ ಚೀಟಿ, ಜಗಳ, ಕ್ಷಮೆ ಎಲ್ಲದರ ನಡುವೆ ನಿಂತಿರುತ್ತೇನೆ. ದೂರು ಕೊಟ್ಟ ಹೆಣ್ಣುಮಗಳು ತನ್ನ ಫೋನು ಒಪ್ಪಿಸಲು ಹಿಂಜರಿದು ದೂರನ್ನೇ ಹಿಂದೆ ತೆಗೆದುಕೊಂಡದ್ದನ್ನು ನೋಡಿದ್ದೇನೆ. ಪ್ರಕರಣಕ್ಕೆ ಬೇಕಿದ್ದದ್ದು ಒಂದು ಖಾತೆಯ ಎರಡು ವಾರದ ಸಂದೇಶಗಳು, ಕೇಳಿದ್ದು ಅವಳ ಆರು ವರ್ಷದ ಬದುಕು. ಬಂಧನದ ಹೊತ್ತಿನಲ್ಲಿ ಸಿಕ್ಕ ಫೋನನ್ನೂ ವಾರಂಟ್ ಇಲ್ಲದೆ ಶೋಧಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ ಒಮ್ಮತದಿಂದ ತೀರ್ಪು ಕೊಟ್ಟಾಗ ನಮ್ಮ ಕಸುಬಿನ ಕೆಲವರು ಮುಖ ಸಿಂಡರಿಸಿದರು. ನನಗೆ ಸಮಾಧಾನವಾಯಿತು. ಯಾವ ಆ್ಯಪ್, ಯಾವ ಖಾತೆ, ಯಾವ ದಿನದಿಂದ ಯಾವ ದಿನದವರೆಗೆ ಎಂದು ನಿಮ್ಮ ಆದೇಶದಲ್ಲೇ ಬರೆದುಬಿಡಿ. ನನ್ನ ಕೈ ಕಟ್ಟಿದ ಹಾಗಾಗುತ್ತದೆ, ಕಟ್ಟಿರಲಿ. ಹುಡುಕಾಟವೂ ಬೇಗ ಮುಗಿಯುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರಿಂಟ್ ಹಾಳೆಗಳನ್ನು ಯಾರಾದರೂ ಸಾಕ್ಷ್ಯವೆಂದು ಮುಂದಿಟ್ಟರೆ ಮೊದಲ ದಿನವೇ ಕೇಳಿ: ಇದನ್ನು ತೆಗೆದ ಫೋನು ಎಲ್ಲಿದೆ, ಈಗ ಆನ್ ಇದೆಯೇ? ಎದುರಿನವರ ಫೋನಿನಲ್ಲೂ ಇದೇ ಮಾತುಕತೆ ಇದೆಯೇ, ತಾಳೆ ನೋಡಿದ್ದಾರೆಯೇ? ಕಂಪನಿಗೆ ಕಾದಿಡುವ ಕೋರಿಕೆ ಹೋಗಿದೆಯೇ, ಹೋಗಿದ್ದರೆ ಯಾವ ತಾರೀಖು? ಈ ಪ್ರಶ್ನೆಗಳನ್ನು ನಾನು ಕೇಳಿದರೆ ಒಂದು ಪತ್ರ, ಅದಕ್ಕೊಂದು ಜ್ಞಾಪನ, ಆಮೇಲೆ ಮೌನ. ನೀವು ಕೇಳಿದರೆ ಮರುದಿನವೇ ಫೋನು ಓಡಿ ಬರುತ್ತದೆ.

ಆ ಹನ್ನೊಂದು ಹಾಳೆಗಳ ಲಕೋಟೆಯನ್ನು ಇವತ್ತು ಬೆಳಿಗ್ಗೆ ವಾಪಸು ಕಳಿಸಿದೆ. ಏಳನೆಯ ಹಾಳೆಯ ಮೇಲ್ತುದಿಯಲ್ಲಿ, ಸ್ಕ್ರೀನ್‌ಶಾಟಿನ ಮೂಲೆಯಲ್ಲಿ, ಬ್ಯಾಟರಿ ಗುರುತಿನ ಪಕ್ಕ ಮಸುಕಾಗಿ 6 ಎಂದು ಕಾಣುತ್ತಿತ್ತು. ಪ್ರತ್ಯುತ್ತರದಲ್ಲಿ ಎರಡೇ ಸಾಲು ಬರೆದೆ: ‘ಪರೀಕ್ಷೆಗೆ ಮೂಲ ಸಾಧನ ಅಗತ್ಯ. ಆಫ್ ಮಾಡದೆ, ಚಾರ್ಜರ್ ಸಮೇತ ಕಳಿಸುವುದು.’

ಇಂತಿ,
ನಿಮ್ಮ ವಿಶ್ವಾಸಿ,
ಪ್ರಯೋಗಾಲಯದ ಒಬ್ಬ ಪರೀಕ್ಷಕ